ಕಲಾಕೌದಿಯ ವಿನ್ಯಾಸ: ಮೊದಲ ಯತ್ನ ಕೆಟ್ಟರೆ ಮತ್ತೆ ಎಲ್ಲಿಂದ ಆರಂಭಿಸಬೇಕು?

ಧಾರವಾಡ, ಬಾಗಲಕೋಟೆ, ವಿಜಯಪುರಗಳ ಕಡೆ ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಕೌದಿ ಒಳ್ಳೆಯದೋ ಅಲ್ಲವೋ ಎಂಬುದನ್ನು ಹೊದ್ದವರು ಹೇಳುತ್ತಾರೆ. ಬೆಚ್ಚಗಿದ್ದು, ಎಷ್ಟು ಸಲ ಒಗೆದರೂ ಹೊಲಿಗೆ ಬಿಚ್ಚಿಕೊಳ್ಳದಿದ್ದರೆ ಆಯಿತು. ತುಂಡುಗಳ ಬಣ್ಣ ಒಂದಕ್ಕೊಂದು ಹೊಂದಿತೇ ಎಂಬುದು ಆಮೇಲಿನ ಮಾತು. ಗೋಡೆಗೆ ತೂಗಲೆಂದೇ ಹೊಲಿಯುವ ಕಲಾಕೌದಿಯ ಪರೀಕ್ಷೆ ಬೇರೆ. ಅದನ್ನು ಯಾರೂ ಹೊದೆಯುವುದಿಲ್ಲ. ಕೋಣೆಯ ಆಚೆ ತುದಿಯಲ್ಲಿ ನಿಂತು ನೋಡುತ್ತಾರೆ. ಆದರೆ ಹೊಲಿಯುವವರು ಮಾತ್ರ ಅದನ್ನು ವಾರಗಟ್ಟಲೆ ಒಂದು ಮೊಳದ ಅಂತರದಿಂದಲೇ ನೋಡಿರುತ್ತಾರೆ. ಮೊದಲ ಯತ್ನಗಳು ಕೆಡುವುದಕ್ಕೆ ಬಹುಮಟ್ಟಿಗೆ ಈ ಅಂತರವೇ ಕಾರಣ.

ಹಾಸಿಗೆಯ ಮೇಲಿದ್ದ ಕೌದಿ ಗೋಡೆಗೇರಿದ್ದು ಅಮೆರಿಕದಲ್ಲಿ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಕಲಾ ವಸ್ತುಸಂಗ್ರಹಾಲಯವು ಹಳೆಯ ಹಾಸಿಗೆ ಕೌದಿಗಳನ್ನು ವರ್ಣಚಿತ್ರಗಳಂತೆ ಗೋಡೆಗೆ ತೂಗಿ ಪ್ರದರ್ಶಿಸಿದಾಗ, ಅವುಗಳನ್ನು ದೂರದಿಂದ ನೋಡುವ ರೂಢಿಯೂ ಬೆಳೆಯಿತು. 1979ರಲ್ಲಿ ಓಹಾಯೊ ರಾಜ್ಯದ ಅಥೆನ್ಸ್ ಊರಿನ ಹಳೆಯ ಡೇರಿ ಕೊಟ್ಟಿಗೆಯೊಂದರಲ್ಲಿ ‘ಕ್ವಿಲ್ಟ್ ನ್ಯಾಷನಲ್’ ಪ್ರದರ್ಶನ ಶುರುವಾಗಿ, ಗೋಡೆಗೆಂದೇ ಹೊಲಿದ ಕೌದಿಗಳಿಗೆ ಒಂದು ನೆಲೆ ಸಿಕ್ಕಿತು. ಆ ಪರಂಪರೆಯವರು ರೂಢಿಸಿಕೊಂಡ ಕ್ರಮವನ್ನು ನಮ್ಮ ಬಟ್ಟೆಗಳಿಗೆ ಹೇಗೆ ಹೊಂದಿಸಿಕೊಳ್ಳಬಹುದು, ಮೊದಲ ಯತ್ನ ಕೆಟ್ಟಾಗ ಯಾವ ಹಂತಕ್ಕೆ ಮರಳಬೇಕು ಎಂಬುದನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ವಿವರಿಸಿದೆ. ಕೌದಿ ಕೆಟ್ಟಿತೆಂದು ಅದೇ ವಿನ್ಯಾಸವನ್ನು ಇನ್ನಷ್ಟು ಜೋಪಾನವಾಗಿ ಮತ್ತೆ ಹೊಲಿಯುವುದು ಸಾಮಾನ್ಯವಾಗಿ ವ್ಯರ್ಥ ಶ್ರಮ. ಯಾವ ನಿರ್ಧಾರ ತಪ್ಪಿತೋ ಅದನ್ನು ಗುರುತಿಸಿ, ಅದಕ್ಕಿಂತ ಒಂದು ಹೆಜ್ಜೆ ಹಿಂದಿನಿಂದ ಹೊರಡುವುದೇ ಸರಿಯಾದ ದಾರಿ.

ಉದಾಹರಣೆಗೆ ಬಾದಾಮಿಯನ್ನು ತೆಗೆದುಕೊಳ್ಳೋಣ. ಕೆಂಪು ಮರಳುಗಲ್ಲಿನ ಎರಡು ಗುಡ್ಡಗಳು, ಅವುಗಳ ನಡುವೆ ಅಗಸ್ತ್ಯ ತೀರ್ಥದ ಹಸಿರು ನೀರು, ನೀರಿನ ಪೂರ್ವದ ಅಂಚಿನಲ್ಲಿ ಭೂತನಾಥ ಗುಡಿಗಳು. ಇದನ್ನು 40 ಇಂಚು ಅಗಲ, 30 ಇಂಚು ಎತ್ತರದ ಕೌದಿಯಾಗಿ ಹೊಲಿಯಬೇಕೆಂದಿಟ್ಟುಕೊಳ್ಳಿ. ಮೊದಲ ಕಲಾಕೌದಿಗೆ ಇದಕ್ಕಿಂತ ದೊಡ್ಡ ಅಳತೆ ಬೇಡ. ಮನೆಯ ಹೊಲಿಗೆ ಯಂತ್ರದ ಕತ್ತಿನ (ಸೂಜಿಗೂ ಯಂತ್ರದ ಕಂಬಕ್ಕೂ ನಡುವಿನ ಜಾಗದ) ಒಳಗೆ ಇದಕ್ಕಿಂತ ದೊಡ್ಡ ಸುರುಳಿಯನ್ನು ತೂರಿಸಿ ತಿರುಗಿಸುವುದು ಕಷ್ಟ.

ಚಿತ್ರಕ್ಕೆ ಮೊದಲು ಛಾಯೆ

ಏನನ್ನು ತೋರಿಸಬೇಕು ಎಂಬುದನ್ನು ಮೊದಲು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ‘ಬಾದಾಮಿ’ ಎಂದಷ್ಟೇ ಬರೆದರೆ ಸಾಲದು, ಅದು ಊರಿನ ಹೆಸರು ಮಾತ್ರ. ‘ಸಂಜೆಯ ಬಿಸಿಲಿನಲ್ಲಿ ಬಂಡೆ ಉರಿಯುತ್ತಿದೆ, ನೀರು ತಣ್ಣಗಿದೆ’ ಎಂದು ಬರೆದರೆ ಯಾವುದು ಮುಖ್ಯ, ಯಾವುದನ್ನು ಬಿಡಬಹುದು ಎಂಬುದು ತಾನಾಗಿ ತಿಳಿಯುತ್ತದೆ. ನಂತರ ಅಂಚೆ ಕಾರ್ಡಿನ ಗಾತ್ರದ ಕಾಗದದ ಮೇಲೆ ಪೆನ್ಸಿಲಿನಿಂದ ನಾಲ್ಕೈದು ಬೇರೆ ಬೇರೆ ಜೋಡಣೆಗಳನ್ನು ಬರೆದು ನೋಡಬೇಕು. ಈ ಚಿಕ್ಕ ಚಿತ್ರಗಳಲ್ಲಿ ಬಣ್ಣಕ್ಕೆ ಅವಕಾಶವಿಲ್ಲ. ತಿಳಿ, ನಡು, ಗಾಢ ಎಂಬ ಮೂರು ಛಾಯೆಗಳು ಮಾತ್ರ ಇರಲಿ. ಮೂರೇ ಛಾಯೆಗಳಲ್ಲಿ ಗುಡ್ಡವೂ ನೀರೂ ಬೇರೆಬೇರೆಯಾಗಿ ಕಾಣಿಸದಿದ್ದರೆ ಮೂವತ್ತು ಬಣ್ಣಗಳ ಬಟ್ಟೆ ತಂದರೂ ಕಾಣಿಸುವುದಿಲ್ಲ. ಈ ಹಂತವನ್ನು ಹಾರಿಸಿ ನೇರವಾಗಿ ಬಟ್ಟೆಗೆ ಕತ್ತರಿ ಹಾಕುವ ಆತುರ ಎಲ್ಲರಿಗೂ ಇರುತ್ತದೆ. ಸುಂದರವಾದ ಬಟ್ಟೆ ಕೈಯಲ್ಲಿದ್ದರಂತೂ ಇನ್ನೂ ಹೆಚ್ಚು.

ಬಟ್ಟೆಗಳ ಆಯ್ಕೆ ಮತ್ತು ತಯಾರಿ

ಬಂಡೆಯ ಕೆಂಪಿಗೆ ಇಳಕಲ್ ಸೀರೆಯ ದಾಳಿಂಬೆ ಬಣ್ಣವೂ ನೀರಿಗೆ ಅದೇ ಸೀರೆಗಳ ನವಿಲು ಬಣ್ಣ, ಗಿಳಿ ಹಸಿರುಗಳೂ ನೆನಪಾಗುವುದು ಸಹಜ. ಆದರೆ ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಇವೆರಡರ ಹಾಸುನೂಲುಗಳನ್ನು (ಉದ್ದಕ್ಕೆ ಹಾಯುವ ನೂಲುಗಳನ್ನು) ಕೊಂಡಿಗಳಿಂದ ಸೇರಿಸಿ ನೇಯ್ದಿರುತ್ತಾರೆ. ಹತ್ತಿ ಮತ್ತು ರೇಷ್ಮೆ ನೀರು ತಾಗಿದಾಗ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲವಾದ್ದರಿಂದ, ಒಗೆಯದ ಸೀರೆಯಿಂದ ಎರಡನ್ನೂ ಕತ್ತರಿಸಿ ಅಕ್ಕಪಕ್ಕ ಹೊಲಿದರೆ ಮುಂದೆಂದಾದರೂ ಒದ್ದೆಯಾದಾಗ ನೆರಿಗೆ ಬೀಳುತ್ತದೆ. ಗುಳೇದಗುಡ್ಡದ ಖಣಕ್ಕೆ (ರವಿಕೆಯ ಬಟ್ಟೆಗೆ) ಬೇರೆ ತೊಂದರೆಯಿದೆ: ಕತ್ತರಿಸಿದ ಅಂಚಿನಿಂದ ನೂಲು ಬೇಗ ಬಿಡುತ್ತದೆ. ಕತ್ತರಿಸುವ ಮೊದಲೇ ಅದರ ಹಿಂಬದಿಗೆ ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ತೆಳು ಕ್ಯಾನ್ವಾಸ್ ಹಚ್ಚಿಕೊಂಡರೆ ಆ ಕಾಟ ತಪ್ಪುತ್ತದೆ.

ಬಟ್ಟೆ ಹೊಸದಿರಲಿ, ಹಳೆಯದಿರಲಿ, ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸದೆ ಕತ್ತರಿಸಬಾರದು. ಒದ್ದೆಯಾದ ಬಿಳಿ ಬಟ್ಟೆಯನ್ನು ಅದರ ಮೇಲಿಟ್ಟು ಇಸ್ತ್ರಿಪೆಟ್ಟಿಗೆಯನ್ನು ಒತ್ತಿ. ಬಿಳಿಗೆ ಕೆಂಪು ಹತ್ತಿದರೆ ಆ ಬಟ್ಟೆಯನ್ನು ನೀರು ತಿಳಿಯಾಗುವವರೆಗೆ ಬೇರೆಯಾಗಿ ಒಗೆಯಬೇಕು. ಉಪ್ಪುನೀರಿನಲ್ಲಿ ನೆನೆಸಿಟ್ಟರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಇಂದಿನ ಬಣ್ಣಗಳ ಮಟ್ಟಿಗೆ ಅದನ್ನು ನೆಚ್ಚುವಂತಿಲ್ಲ. ಎಷ್ಟು ತೊಳೆದರೂ ಬಣ್ಣ ಬಿಡುವ ಬಟ್ಟೆಯನ್ನು, ಅದೆಷ್ಟು ಇಷ್ಟವಾದರೂ, ತಿಳಿ ಬಣ್ಣದ ಪಕ್ಕದಲ್ಲಿ ಇಡಬೇಡಿ.

ತೊಳೆದು ಒಣಗಿಸಿದ ಹತ್ತಿ ಬಟ್ಟೆಗೆ ತೆಳುವಾಗಿ ಗಂಜಿ ಕೊಟ್ಟು ಇಸ್ತ್ರಿ ಮಾಡಿದರೆ ಕತ್ತರಿಸುವುದು ಸಲೀಸು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಎತ್ತಿ ಒತ್ತಬೇಕೇ ಹೊರತು ಎಳೆಯಬಾರದು, ಏಕೆಂದರೆ ಎಳೆದಾಗ ಬಟ್ಟೆ ಓರೆಯಾಗುತ್ತದೆ. ಹಾಸು ಮತ್ತು ಹೊಕ್ಕಿನ (ಅಡ್ಡ ನೂಲಿನ) ದಿಕ್ಕಿನಲ್ಲಿ ಬಟ್ಟೆ ಅಷ್ಟಾಗಿ ಹಿಗ್ಗುವುದಿಲ್ಲ, ಆದರೆ ದರ್ಜಿಗಳು ‘ಕ್ರಾಸ್’ ಎನ್ನುವ ಮೂಲೆಯ ದಿಕ್ಕಿನಲ್ಲಿ ಚೆನ್ನಾಗಿ ಹಿಗ್ಗುತ್ತದೆ. ಗುಡ್ಡದ ಇಳಿಜಾರಿನಂಥ ಓರೆಯಾದ ಅಂಚುಗಳು ಬಹುಪಾಲು ಕ್ರಾಸ್ ಆಗಿರುವುದರಿಂದ ಮುಂದೆ ಅಲೆಯೇಳುವುದು ಅಲ್ಲಿಂದಲೇ. ಗಂಜಿ ಬೇಕಾಗುವುದೂ ಅದಕ್ಕಾಗಿ.

ಗೋಡೆಯ ಮೇಲೆ ಜೋಡಣೆ

ಚಿಕ್ಕ ಚಿತ್ರಗಳಲ್ಲಿ ಮೆಚ್ಚಿಗೆಯಾದುದನ್ನು ಪೂರ್ಣ ಅಳತೆಯ ಕಾಗದಕ್ಕೆ ಹಿಗ್ಗಿಸಿ ಬರೆದುಕೊಂಡು, ಪ್ರತಿ ತುಂಡಿಗೂ ಸುತ್ತಲೂ ಕಾಲು ಇಂಚು ಹೊಲಿಗೆಯಂಚು ಬಿಟ್ಟು ಬಟ್ಟೆಯನ್ನು ಕತ್ತರಿಸಬೇಕು. ಕತ್ತರಿಸಿದ ತುಂಡುಗಳನ್ನು ಕೂಡಲೇ ಹೊಲಿಯಬೇಡಿ. ಗೋಡೆಗೆ ಒಂದು ದಪ್ಪ ಫ್ಲಾನಲ್ ಬಟ್ಟೆಯನ್ನು ಬಿಗಿಯಾಗಿ ಕಟ್ಟಿದರೆ ಹತ್ತಿಯ ತುಂಡುಗಳು ಅದಕ್ಕೆ ತಾವಾಗಿಯೇ ಅಂಟಿಕೊಳ್ಳುತ್ತವೆ. ರೇಷ್ಮೆ ಮತ್ತು ಖಣ ಜಾರುವುದರಿಂದ ಫ್ಲಾನಲಿನ ಹಿಂದೆ ಥರ್ಮೋಕೋಲ್ ಹಲಗೆಯಿಟ್ಟು ಗುಂಡುಸೂಜಿ ಚುಚ್ಚಬಹುದು. ನೆಲದ ಮೇಲೆ ಹರಡಿ ನೋಡುವುದು ಇದಕ್ಕೆ ಸಾಟಿಯಾಗದು. ನಿಂತವರ ಕಣ್ಣಿಗೆ ನೆಲದ ಮೇಲಿನ ಕೌದಿಯ ಹತ್ತಿರದ ಭಾಗ ದೊಡ್ಡದಾಗಿಯೂ ದೂರದ ಭಾಗ ಚಿಕ್ಕದಾಗಿಯೂ ಕಾಣುತ್ತದೆ.

ಈಗ ಹತ್ತು ಅಡಿ ಹಿಂದೆ ಸರಿದು ಮೊಬೈಲಿನಲ್ಲಿ ಚಿತ್ರ ತೆಗೆದು, ಅದನ್ನು ಕಪ್ಪುಬಿಳುಪಿಗೆ ಬದಲಿಸಿ ನೋಡಿ. ಇಡೀ ಕೆಲಸದಲ್ಲಿ ಇದಕ್ಕಿಂತ ಅಗ್ಗವಾದ, ಇದಕ್ಕಿಂತ ಹೆಚ್ಚು ಶ್ರಮ ಉಳಿಸುವ ಪರೀಕ್ಷೆ ಬೇರೊಂದಿಲ್ಲ. ದಾಳಿಂಬೆ ಕೆಂಪು ಮತ್ತು ನವಿಲು ಹಸಿರು ಬಣ್ಣದಲ್ಲಿ ಎದುರುಬದುರಾಗಿದ್ದರೂ ಗಾಢತೆಯಲ್ಲಿ ಅನೇಕ ಸಲ ಒಂದೇ ಆಗಿರುತ್ತವೆ. ಕಪ್ಪುಬಿಳುಪಿನಲ್ಲಿ ಬಂಡೆ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದೇ ತಿಳಿಯದ ಒಂದು ಬೂದು ಮುದ್ದೆ ಕಾಣುತ್ತದೆ. ದೂರದಿಂದ ನೋಡುವವರಿಗೂ ಹೆಚ್ಚುಕಡಿಮೆ ಹಾಗೆಯೇ ಕಾಣಿಸುವುದು. ನೀರಿನ ಹೆಚ್ಚಿನ ಭಾಗವನ್ನು ತಿಳಿಯಾದ ಗಿಳಿ ಹಸಿರಿಗೆ ಬದಲಿಸಿ, ಬಂಡೆಯ ನೆರಳು ಬೀಳುವ ಅಂಚಿನಲ್ಲಿ ಮಾತ್ರ ನವಿಲು ಬಣ್ಣವನ್ನು ಉಳಿಸಿಕೊಂಡರೆ ಅದೇ ವಿನ್ಯಾಸ ಎದ್ದು ನಿಲ್ಲುತ್ತದೆ. ಒಂದೂ ಹೊಲಿಗೆ ಹಾಕಿರದ ಈ ಹಂತದಲ್ಲಿ ಬದಲಾವಣೆಗೆ ಖರ್ಚಾಗುವುದು ಗುಂಡುಸೂಜಿ ಕೀಳುವಷ್ಟು ಶ್ರಮ.

ಹೊಲಿಗೆ ಮತ್ತು ಪದರಗಳು

ತುಂಡುಗಳನ್ನು ಸೇರಿಸುವಾಗ ಕಾಲು ಇಂಚಿನ ನಿಯಮವನ್ನು ಸಡಿಲ ಬಿಡಬಾರದು ಎನ್ನುವುದಕ್ಕೆ ಲೆಕ್ಕವೇ ಸಾಕ್ಷಿ. ಹೊಲಿಗೆಯಂಚು ಕೇವಲ 1/16 ಇಂಚು ಹೆಚ್ಚಾದರೂ ಪ್ರತಿ ಹೊಲಿಗೆಯಲ್ಲಿ ಎರಡು ಬದಿಯಿಂದ ಸೇರಿ 1/8 ಇಂಚು ಬಟ್ಟೆ ಒಳಗೆ ಹೋಗುತ್ತದೆ. ಅಡ್ಡಲಾಗಿ 16 ಹೊಲಿಗೆಗಳಿದ್ದರೆ ಕೌದಿ 2 ಇಂಚು ಕಿರಿದಾಗುತ್ತದೆ. ಒಂದು ಸಾಲಿನಲ್ಲಿ ಹೊಲಿಗೆ ಹೆಚ್ಚು, ಪಕ್ಕದ ಸಾಲಿನಲ್ಲಿ ಕಡಿಮೆ ಇದ್ದರೆ ಎರಡೂ ಸಾಲುಗಳು ಒಂದಕ್ಕೊಂದು ಕೂಡುವುದೇ ಇಲ್ಲ.

ಮೇಲ್ಪದರ ಸಿದ್ಧವಾದ ಮೇಲೆ ಹಿಂಬದಿಯ ಬಟ್ಟೆಯನ್ನು ನೆಲದ ಮೇಲೆ ಬಿಗಿಯಾಗಿ ಹಾಸಿ, ಅಂಚುಗಳಿಗೆ ಟೇಪು ಹಚ್ಚಿ, ಅದರ ಮೇಲೆ ನಡುಪದರ, ಅದರ ಮೇಲೆ ಮೇಲ್ಪದರವನ್ನು ಹರಡಬೇಕು. ನಡುಪದರಕ್ಕೆ ಅಂಗಡಿಯಲ್ಲಿ ಸಿಗುವ ಹತ್ತಿಯ ಬ್ಯಾಟಿಂಗ್ (ಕೌದಿಯೊಳಗೆ ಹಾಸುವ ಮೆತ್ತನೆಯ ಹಾಳೆ) ಬಳಸುವುದಾದರೆ ಅದು ಒದ್ದೆಯಾದಾಗ ಸ್ವಲ್ಪ ಕುಗ್ಗುತ್ತದೆ ಎಂಬುದು ನೆನಪಿರಲಿ. ಅದು ಸಿಗದ ಊರುಗಳಲ್ಲಿ ಚೆನ್ನಾಗಿ ಒಗೆದು ಹಳತಾದ ಹತ್ತಿಯ ಹೊದಿಕೆ ಅದರ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಮೂರೂ ಪದರಗಳನ್ನು ಸುಮಾರು 4 ಇಂಚಿಗೊಂದರಂತೆ ಸೇಫ್ಟಿ ಪಿನ್ ಹಾಕಿ ಅಥವಾ ಕಚ್ಚಾ ಹೊಲಿಗೆಯಿಂದ ಹಿಡಿದಿಟ್ಟು, ನಡುವಿನಿಂದ ಹೊರಕ್ಕೆ ಹೊಲಿಯುತ್ತ ಹೋಗಬೇಕು. ಹೊಲಿಗೆಯ ದಟ್ಟಣೆ ಎಲ್ಲ ಕಡೆ ಬಹುತೇಕ ಸಮನಾಗಿರಲಿ.

ಕೆಟ್ಟದ್ದು ಎಲ್ಲಿ ಎಂದು ಗುರುತಿಸುವುದು

ಇಷ್ಟೆಲ್ಲ ಎಚ್ಚರವಿದ್ದರೂ ಕೌದಿ ಕೆಡುತ್ತದೆ. ಕೆಟ್ಟಾಗ ಮೊದಲು ಕತ್ತರಿಯನ್ನು ದೂರವಿಟ್ಟು, ಅದನ್ನು ದಿನವೂ ಓಡಾಡುವ ಕಡೆ ನಾಲ್ಕು ದಿನ ತೂಗುಹಾಕಿ. ತಲೆಕೆಳಗಾಗಿಯೂ ಒಮ್ಮೆ ತೂಗುಹಾಕಿ ನೋಡಬೇಕು. ಹಾಗೆ ನೋಡಿದಾಗ ಗುಡ್ಡ, ಗುಡಿ ಎಂಬ ಹೆಸರುಗಳು ಮರೆಯಾಗಿ ಆಕಾರಗಳು ಮಾತ್ರ ಕಾಣುವುದರಿಂದ ಭಾರ ಯಾವ ಕಡೆಗೆ ವಾಲಿದೆ ಎಂಬುದು ಸ್ಪಷ್ಟವಾಗುತ್ತದೆ. ಕೊನೆಗೆ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ‘ಚೆನ್ನಾಗಿಲ್ಲ’ ಎಂಬುದು ಕಾರಣವಲ್ಲ.

ಛಾಯೆಯ ದೋಷವನ್ನು ಮೇಲೆ ಹೇಳಿದ ಕಪ್ಪುಬಿಳುಪು ಚಿತ್ರ ತೋರಿಸಿಕೊಡುತ್ತದೆ. ಎರಡನೆಯದು ಕಿಕ್ಕಿರಿದ ವಿವರದ ದೋಷ. ಭೂತನಾಥ ಗುಡಿಯ ಶಿಖರದ ಮೆಟ್ಟಿಲು ಮೆಟ್ಟಿಲಾದ ಏರಿಕೆಯನ್ನು ತುಂಡು ತುಂಡು ಬಟ್ಟೆಯಲ್ಲಿ ಜೋಡಿಸಹೊರಟರೆ ಏನಾಗುತ್ತದೆಂದು ನೋಡಿ: ಹೊಲಿದ ಮೇಲೆ ಅರ್ಧ ಇಂಚು ಕಾಣಬೇಕಾದ ಪಟ್ಟಿಯನ್ನು ಒಂದು ಇಂಚು ಅಗಲಕ್ಕೆ ಕತ್ತರಿಸಬೇಕು, ಅಂದರೆ ಬಟ್ಟೆಯ ಅರ್ಧದಷ್ಟು ಹಿಂದೆ ಮಡಚಿಕೊಂಡು ಗಂಟಾಗುತ್ತದೆ. ಅಷ್ಟು ಕಷ್ಟಪಟ್ಟ ಗುಡಿ ಹತ್ತು ಅಡಿ ದೂರದಿಂದ ಒಂದು ಚುಕ್ಕೆ. ಅಂಥ ವಿವರವನ್ನು ತುಂಡುಗಳಿಂದ ತೆಗೆದು ದಾರಕ್ಕೆ ಒಪ್ಪಿಸುವುದು ಲೇಸು. ಗೋಪುರವನ್ನು ಗಂಟಿಲ್ಲದ ಎಳೆಗಳಲ್ಲಿ ಬರೆಯುವ ವಿದ್ಯೆ ನಮ್ಮ ಕಸೂತಿಯಲ್ಲಿ ಮೊದಲಿನಿಂದಲೂ ಇದೆ. ಎರಡೂ ಬದಿಯಲ್ಲಿ ಒಂದೇ ರೀತಿ ಕಾಣುವ ಗವಂತಿ ಹೊಲಿಗೆಯ ನಾಲ್ಕು ಗೆರೆಗಳು ಇಪ್ಪತ್ತು ತುಂಡುಗಳ ಕೆಲಸ ಮಾಡುತ್ತವೆ. ಕಸೂತಿಗೆ ನೂಲೆಣಿಸಬೇಕಾದ್ದರಿಂದ ಆ ಭಾಗದ ಬಟ್ಟೆ ಎಳೆಗಳು ಕಾಣುವಂಥ ನೇಯ್ಗೆಯದಾಗಿರಲಿ. ಕೆಲವೇ ದೊಡ್ಡ ಆಕಾರಗಳಿಗೆ ಎಷ್ಟು ಬಲವಿದೆಯೆಂದು ನೋಡಬಯಸುವವರು ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬಲ್ಲಿನ ಕಪ್ಪುಜನಾಂಗದ ಹೆಂಗಸರು ಹೊಲಿದ ಕೌದಿಗಳ ಚಿತ್ರಗಳನ್ನು ಹುಡುಕಿ ನೋಡಬೇಕು. ದುಡಿಮೆಯ ಹಳೆಯ ಉಡುಪುಗಳ ತುಂಡುಗಳಿಂದಲೂ ಹೊಲಿದ ಆ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಲಲಿತಕಲೆಗಳ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡು ಹೆಸರಾದವು.

ಮೂರನೆಯದು ಕಟ್ಟಡದ, ಅಂದರೆ ಕೌದಿಯನ್ನು ಹೊಲಿದು ಕಟ್ಟಿದ ರೀತಿಯ ದೋಷ. ಕೌದಿಯನ್ನು ನೆಲದ ಮೇಲೆ ಹರಡಿದಾಗ ನಡುಭಾಗ ಸಮತಟ್ಟಾಗಿದ್ದು ಅಂಚುಗಳು ಅಲೆಯಾಗಿದ್ದರೆ, ನಡುವಿನಲ್ಲಿ ಹೊಲಿಗೆ ದಟ್ಟವಾಗಿ ಬಿದ್ದು ಬಟ್ಟೆ ಕುಗ್ಗಿದೆ ಅಥವಾ ಅಂಚಿನ ಕ್ರಾಸ್ ತುಂಡುಗಳು ಹಿಗ್ಗಿವೆ ಎಂದರ್ಥ. ಅಂಚು ಬಿಗಿಯಾಗಿದ್ದು ನಡುಭಾಗ ಉಬ್ಬಿದ್ದರೆ ಇದರ ತಿರುವುಮುರುವು. ಎಡ ಅಂಚು, ಬಲ ಅಂಚು, ನಡುಗೆರೆ ಈ ಮೂರರ ಉದ್ದವನ್ನೂ ಅಳೆಯಿರಿ. ವ್ಯತ್ಯಾಸ ಅರ್ಧ ಇಂಚಿನೊಳಗಿದ್ದರೆ ಕೌದಿಗೆ ನೀರು ಚಿಮುಕಿಸಿ, ಚೌಕವಾಗಿ ಎಳೆದು, ಹಲಗೆಗೆ ಗುಂಡುಸೂಜಿ ಚುಚ್ಚಿ ಒಣಗಲು ಬಿಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ; ಬಣ್ಣ ಬಿಡುವ ಪರೀಕ್ಷೆಯನ್ನು ಮೊದಲೇ ಮಾಡಿದ್ದವರು ಮಾತ್ರ ಇದನ್ನು ಧೈರ್ಯವಾಗಿ ಮಾಡಬಹುದು. ಅದಕ್ಕಿಂತ ಹೆಚ್ಚಿದ್ದರೆ ಹೊಲಿಗೆ ಬಿಚ್ಚಲೇಬೇಕು.

ಮರುಆರಂಭ

ಛಾಯೆ ತಪ್ಪಿದ್ದರೆ ವಿನ್ಯಾಸವನ್ನು ಉಳಿಸಿಕೊಂಡು ಬಟ್ಟೆಯ ಆಯ್ಕೆಗೆ ಮರಳಿ. ವಿವರ ಕಿಕ್ಕಿರಿದಿದ್ದರೆ ಬಟ್ಟೆಗಳನ್ನು ಉಳಿಸಿಕೊಂಡು ಅಂಚೆ ಕಾರ್ಡಿನ ಚಿತ್ರಗಳಿಗೆ ಮರಳಿ. ಕಟ್ಟಡ ಕೆಟ್ಟಿದ್ದರೆ ಚಿತ್ರವನ್ನೂ ಬಟ್ಟೆಯನ್ನೂ ಮುಟ್ಟದೆ ಗಂಜಿ, ಇಸ್ತ್ರಿ, ಪದರಗಳ ಹಂತಕ್ಕೆ ಮರಳಿ. ಮೂರೂ ಒಟ್ಟಿಗೆ ಕೆಟ್ಟಿದ್ದರೆ ಮಾತ್ರ ಖಾಲಿ ಕಾಗದದಿಂದ ಶುರುಮಾಡಬೇಕಾಗುತ್ತದೆ, ಹಾಗಾಗುವುದು ಅಪರೂಪ.

ಬಿಚ್ಚುವುದಕ್ಕೂ ಕ್ರಮವಿದೆ. ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಒಂದು ಬದಿಯಲ್ಲಿ ಮೂರು ನಾಲ್ಕು ಹೊಲಿಗೆಗೊಮ್ಮೆ ದಾರವನ್ನು ಕತ್ತರಿಸುತ್ತ ಹೋಗಿ, ಮತ್ತೊಂದು ಬದಿಯ ದಾರವನ್ನು ಎಳೆದರೆ ಅದು ಉದ್ದಕ್ಕೆ ಬಂದುಬಿಡುತ್ತದೆ. ಎರಡು ಬಟ್ಟೆಗಳನ್ನು ಹಿಡಿದು ಎಳೆದು ಹೊಲಿಗೆ ಹರಿಯುವುದು ಬೇಡ, ಅದರಿಂದ ಅಂಚು ಹಿಗ್ಗಿ ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಮೂರು ಪದರಗಳ ಮೇಲೆ ಯಂತ್ರದಿಂದ ದಟ್ಟವಾಗಿ ಹೊಲಿದುದನ್ನು ಬಿಚ್ಚುವುದು ಮಾತ್ರ ಲಾಭದ ಕೆಲಸವಲ್ಲ; ಬಿಚ್ಚಿದರೂ ಸೂಜಿಯ ತೂತುಗಳು ಉಳಿಯುತ್ತವೆ, ರೇಷ್ಮೆಯಲ್ಲಂತೂ ಮಾಯುವುದೇ ಇಲ್ಲ.

ಅಂಥ ಕೌದಿಯನ್ನು ಕತ್ತರಿಸುವುದೇ ಉತ್ತಮ. ರಟ್ಟಿನಿಂದ ಮೂಲೆಗೋಲಿನಂಥ (L ಆಕಾರದ) ಎರಡು ಪಟ್ಟಿಗಳನ್ನು ಕತ್ತರಿಸಿಕೊಂಡು, ಅವನ್ನು ಎದುರುಬದುರಾಗಿಟ್ಟು ಚೌಕಟ್ಟು ಮಾಡಿ, ಕೌದಿಯ ಮೇಲೆ ಸರಿಸುತ್ತ ಹೋಗಿ. ಒಟ್ಟಾರೆ ಕೆಟ್ಟ ಕೌದಿಯ ಯಾವುದೋ ಒಂದು ಮೂಲೆಯಲ್ಲಿ, ಬಂಡೆಯ ಬಿರುಕಿಗೂ ನೀರಿಗೂ ನಡುವೆ, 12 ಇಂಚಿನ ಒಂದು ಚೌಕ ತನ್ನಷ್ಟಕ್ಕೆ ಸಂಪೂರ್ಣವಾಗಿರುವುದು ಕಣ್ಣಿಗೆ ಬೀಳುತ್ತದೆ. ಅದನ್ನು ಕತ್ತರಿಸಿ, ಅಂಚಿಗೆ ಜಿಗ್‌ಜಾಗ್ ಹೊಲಿಗೆ ಹಾಕಿದರೆ ಅದೊಂದು ಚಿಕ್ಕ ಕೃತಿಯೂ ಹೌದು, ಮುಂದಿನ ದೊಡ್ಡದಕ್ಕೆ ಮಾದರಿಯೂ ಹೌದು. ಇಂಥ ಹಲವು ತುಂಡುಗಳನ್ನು ಅಂಚಿಗೆ ಅಂಚು ತಾಗಿಸಿಟ್ಟು, ಮುಂದೆಯೂ ಹಿಂದೆಯೂ ಪಟ್ಟಿ ಕೊಟ್ಟು ಹೊಲಿದು ಹೊಸ ಕೌದಿಯನ್ನೇ ಕಟ್ಟುವವರಿದ್ದಾರೆ. ಬಣ್ಣಗಳು ಒಂದಕ್ಕೊಂದು ಕಚ್ಚಾಡುತ್ತಿರುವ ಕೌದಿಯನ್ನು ಇಡಿಯಾಗಿ ಒಂದೇ ಬಣ್ಣದಲ್ಲಿ ಅದ್ದಿ ತೆಗೆಯುವುದೂ ಒಂದು ಉಪಾಯ. ಪಾಲಿಯೆಸ್ಟರ್ ದಾರ ಹತ್ತಿಯ ಬಣ್ಣವನ್ನು ಹೀರದೆ ಹಾಗೆಯೇ ಹೊಳೆಯುತ್ತದೆ ಎಂಬುದು ತಿಳಿದಿದ್ದರೆ ಸಾಕು.

ಕಾಗದದ ಮೇಲಿನ ಚಿತ್ರಕ್ಕೆ ಬಟ್ಟೆಯನ್ನು ಒಗ್ಗಿಸಲಾಗದೆ ಮತ್ತೆ ಮತ್ತೆ ಸಿಕ್ಕಿಬೀಳುವವರಿಗೆ ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರ ಕ್ರಮವನ್ನು ನಾನು ಶಿಫಾರಸು ಮಾಡುತ್ತೇನೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸುತ್ತಿನ ಈ ಕೌದಿಗಳಲ್ಲಿ ಮೇಲ್ಪದರವನ್ನು ಮೊದಲೇ ಹೊಲಿದು ಸಿದ್ಧಮಾಡುವುದಿಲ್ಲ. ಹಿಂಬದಿಯ ಬಟ್ಟೆಯ ಒಂದು ಮೂಲೆಯಿಂದ ಆರಂಭಿಸಿ ಅಂಚಿನುದ್ದಕ್ಕೂ ತೇಪೆಗಳನ್ನಿಟ್ಟು, ಎಲ್ಲ ಪದರಗಳನ್ನೂ ಒಟ್ಟಿಗೆ ಹಿಡಿಯುವಂತೆ ಕೈಯಿಂದ ಸಾಲುಹೊಲಿಗೆ ಹಾಕುತ್ತ, ಸುತ್ತು ಸುತ್ತಾಗಿ ಒಳಕ್ಕೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ಮೇಲೆ ಹೇಳಿದ ‘ನಡುವಿನಿಂದ ಹೊರಕ್ಕೆ’ ಎಂಬ ನಿಯಮಕ್ಕೆ ಇದು ನೇರ ವಿರುದ್ಧ. ಆದರೂ ಕೆಡದಿರುವುದು ಏಕೆಂದರೆ ಇಲ್ಲಿ ತೇಪೆಯನ್ನು ಇಡುವುದೂ ಹೊಲಿಯುವುದೂ ಒಂದೇ ಕ್ರಿಯೆಯಾಗಿದ್ದು, ಹೆಚ್ಚಿದ್ದನ್ನು ಆಗಲೇ ಮಡಚಿಬಿಡಬಹುದು. ಮೊದಲ ಯತ್ನದಲ್ಲಿ ಉಳಿದ ಚೂರುಗಳಿಂದಲೇ 15 ಇಂಚಿನ ಚೌಕವೊಂದನ್ನು ಹೀಗೆ ಹೊಲಿದು ನೋಡಿದರೆ, ಯಾವ ಬಣ್ಣದ ಪಕ್ಕ ಯಾವುದು ನಿಲ್ಲುತ್ತದೆಂಬುದು ಚಿತ್ರ ಬರೆಯುವುದಕ್ಕಿಂತ ಬೇಗ ಕೈಗೆ ಹತ್ತುತ್ತದೆ.

ದಾರಿ ಯಾವುದೇ ಇರಲಿ, ಎರಡನೆಯ ಸಲ ಪೂರ್ಣ ಅಳತೆಗೆ ಕೈಹಾಕುವ ಮುನ್ನ ಅದೇ ಬಟ್ಟೆ, ಅದೇ ನಡುಪದರ, ಅದೇ ದಾರಗಳಿಂದ 12 ಇಂಚಿನ ಮಾದರಿಯೊಂದನ್ನು ಹೊಲಿದು, ಒದ್ದೆ ಮಾಡಿ, ಒಣಗಿಸಿ, ಅಳೆಯುವುದು ಕಡ್ಡಾಯ. ಕುಗ್ಗುವುದು, ಬಣ್ಣ ಬಿಡುವುದು, ನೆರಿಗೆಗಟ್ಟುವುದು ಇವೆಲ್ಲ ಅಲ್ಲಿಯೇ ಬಯಲಾಗುತ್ತವೆ.

ತೂಗುಹಾಕುವುದು

ಅಂಚಿಗೆ ಕಣ್ಣಿಗೆ ಬೀಳುವ ಪಟ್ಟಿಯ ಬದಲು ಹಿಂದಕ್ಕೆ ಪೂರ್ತಿ ಮಡಚಿಕೊಳ್ಳುವ ಪಟ್ಟಿ ಕೊಟ್ಟರೆ ಬಂಡೆಯೂ ಆಕಾಶವೂ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳದೆ ಅಂಚಿನವರೆಗೂ ಹರಡಿಕೊಳ್ಳುತ್ತವೆ. ಹಿಂಬದಿಯ ಮೇಲಂಚಿಗೆ 4 ಇಂಚು ಅಗಲದ ಬಟ್ಟೆಯ ಕೊಳವೆಯೊಂದನ್ನು ಕೈಹೊಲಿಗೆಯಿಂದ ಸೇರಿಸಿ, ಅದರೊಳಗೆ ಮರದ ಪಟ್ಟಿ ತೂರಿಸಿ ತೂಗುಹಾಕಿ. ಪ್ರದರ್ಶನಗಳಿಗೆ ಕಳಿಸುವುದಾದರೂ ಸಾಮಾನ್ಯವಾಗಿ ಕೇಳುವುದು ಇದೇ ಅಳತೆ. ಕೊಳವೆ ಚಪ್ಪಟೆಯಾಗಿ ಅಂಟಿಕೊಂಡಿರದೆ ಮರದ ದಪ್ಪಕ್ಕೆ ತಕ್ಕಂತೆ ಹಿಂದೆ ತುಸು ಸಡಿಲವಾಗಿರಬೇಕು, ಇಲ್ಲವಾದರೆ ಮುಂಭಾಗದಲ್ಲಿ ಅಡ್ಡಲಾಗಿ ಉಬ್ಬು ಕಾಣುತ್ತದೆ. ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ, ಸೀರೆಯ ಕೆಂಪು ಅಲ್ಲಿ ಬೇಗ ಮಾಸುತ್ತದೆ.